ಆಳಂದ–ಲಂಡನ್ ವ್ಹಾಯಾ ಅಫಜಲಪುರ

ಇದು ನಡೆದದ್ದು ಹೋದ ವರ್ಷ, ಯುಗಾದಿಗೂ ಗಣೇಶ ಚೌತಿಗೂ ನಡುವೆ. ನಮ್ಮ ಮನೆಯಲ್ಲಿ ಇಂಥವು ಮೊದಲೂ ನಡೆದಿವೆ, ಮುಂದೆಯೂ ನಡೆಯುತ್ತವೆ. ತಡೆಯುವ ಉಪಾಯ ನನಗೆ ಗೊತ್ತಿಲ್ಲ. ಇದೊಂದನ್ನು ಬರೆದಿಡಲು ಕಾರಣ, ಇದರ ಫೈಲು ನನ್ನ ಹತ್ತಿರ ಉಳಿದಿದೆ. ಅದರಲ್ಲಿ ನೂರಾ ಹದಿನೆಂಟು ಹಾಳೆಗಳಿವೆ. ದುಡ್ಡಿನ ಹಾಳೆಗಳನ್ನು ಇಲ್ಲಿ ಬಿಟ್ಟಿದ್ದೇನೆ. ಅವುಗಳಲ್ಲಿ ನಗುವಂಥದ್ದೇನೂ ಇಲ್ಲ.

೧. ಕೊಡಬಾರದಿದ್ದ ಉತ್ತರ

ನನ್ನ ಕಾಕಾ, ಅಂದರೆ ಅಪ್ಪನ ತಮ್ಮ, ಆಗ ಮೂವತ್ತೊಂದು ವರ್ಷದಿಂದ ಊರೂರಿಗೆ ಜನ ಸಾಗಿಸುವ ಕ್ರೂಸರ್ ಜೀಪು ಓಡಿಸುತ್ತಿದ್ದರು. ಆಳಂದದಿಂದ ಅಫಜಲಪುರದ ಮೇಲೆ ಜೇವರ್ಗಿ. ಜೇವರ್ಗಿಯಿಂದ ಅದೇ ದಾರಿಯಲ್ಲಿ ವಾಪಸ್. ಕಲಬುರಗಿಯ ಮೇಲೆ ಹೋದರೆ ಹತ್ತಿರ; ಆದರೆ ಆ ದಾರಿಯಲ್ಲಿ ಬಸ್ಸುಗಳು ಬೇಕಾದಷ್ಟಿವೆ. ಬಸ್ಸು ಕಡಿಮೆ ಇರುವ ದಾರಿ ಕಾಕಾನದು. ಒಂದು ಸುತ್ತಿಗೆ ಸುಮಾರು ಇನ್ನೂರ ನಲವತ್ತು ಕಿಲೋಮೀಟರ್.

ಯುಗಾದಿಯ ದಿನ ಬೇವು–ಬೆಲ್ಲ ಮುಗಿಸಿ ಕೂತಿದ್ದೆ. ಕಾಕಾ ಮೊಬೈಲು ಹಿಡಿದು ಬಂದರು. ಲಂಡನ್ನಿನಲ್ಲಿ ನದಿಯ ದಂಡೆಯ ಮೇಲೆ ಇರುವ ಬಸವಣ್ಣನ ಮೂರ್ತಿಯ ಫೋಟೊ ಅದರಲ್ಲಿತ್ತು.

"ತಂಗಿ, ಇಲ್ಲಿಗಿ ರೋಡ್ ಅದೇನು?" ಮನೆಯ ಕಿರಿಯ ಹುಡುಗಿಯರೆಲ್ಲ ಕಾಕಾಗೆ ತಂಗಿಯೇ.

ನಾನು ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಎಂಎಸ್ಸಿ ಮುಗಿಸಿ ಕೆಲಸ ಹುಡುಕುತ್ತಿದ್ದೆ. ಕೇಳಿದ ಪ್ರಶ್ನೆಗೆ ಸರಿ ಉತ್ತರ ಕೊಡುವುದು ಅಭ್ಯಾಸವಾಗಿತ್ತು. ಮ್ಯಾಪು ನೋಡಿ ಹೇಳಿದೆ: "ಅದ ಕಾಕಾ. ನೇಪಾಳದ ಮ್ಯಾಲ ಹೋಗ್ಬೇಕು. ಹದಿನೆಂಟು ಸಾವಿರ ಕಿಲೋಮೀಟರ್. ಕಡೀಗಿ ಸಮುದ್ರ ಬರ್ತದ. ಅಲ್ಲಿ ಗಾಡಿನೇ ಹಡಗಿನ್ಯಾಗ ಹಾಕ್ಕೊಂಡು ದಾಟಸ್ತಾರ."

ಈ ಉತ್ತರ ಕೊಡಬಾರದಿತ್ತು.

ಕಾಕಾನ ಎಡಗಣ್ಣಿನ ನೋಟ ಎರಡು ವರ್ಷದಿಂದ ಕಡಿಮೆಯಾಗುತ್ತಿತ್ತು. ಮುಂದಿನ ಸಂಕ್ರಾಂತಿಗೆ ಲೈಸೆನ್ಸ್ ಮುಗಿಯುವುದಿತ್ತು. ಕಣ್ಣಿನ ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು: "ಅಲ್ಲೀತನ ಹಗಲಿನ್ಯಾಗ ಓಡಸ್ರಿ. ಆಮ್ಯಾಲ ನಾ ಸಹಿ ಹಾಕಂಗಿಲ್ಲ." ಅಂದರೆ ಸ್ಟೇರಿಂಗ್ ಹಿಡಿಯಲು ಕಾಕಾಗೆ ಇನ್ನು ಉಳಿದದ್ದು ಇದೊಂದೇ ವರ್ಷ.

"ಮೂವತ್ತೊಂದ್ ವರ್ಷ ಜೇವರ್ಗಿ ಸ್ಟ್ಯಾಂಡಿನ್ಯಾಗ ಗಾಡಿ ತಿರುಗಿಸೀನಿ," ಅಂದರು. "ಒಂದ್ ಸಲ ತಿರುಗಿಸದಂಗ ಮುಂದ ಹೋಗ್ಬೇಕು. ರಿಟರ್ನ್ ಟ್ರಿಪ್ ಬ್ಯಾಡ."

"ಮತ್ತ ವಾಪಸ್ ಹ್ಯಾಂಗ ಬರ್ತೀರಿ?"

"ಗಾಡಿ ಹಡಗಿನ್ಯಾಗ ಬರ್ಲಿ. ನಾ ಇಮಾನದಾಗ ಬರ್ತೇನಿ. ಅದಕ್ಕ ಡ್ರೈವರ್ ಬ್ಯಾರೇವ ಇರ್ತಾನ."

ಮನಸ್ಸು ಬದಲಾಗಲಿ ಎಂದು ಲೆಕ್ಕ ಮಾಡಿ ತೋರಿಸಿದೆ. ವರ್ಷಕ್ಕೆ ಮುನ್ನೂರು ದಿನ, ದಿನಕ್ಕೆ ಒಂದು ಸುತ್ತು, ಮೂವತ್ತೊಂದು ವರ್ಷ. "ಇಷ್ಟ್ ದೂರದಾಗ ನೀವು ಲಂಡನ್ನಿಗಿ ಅರವತ್ತೆರಡು ಸಲ ಹೋಗಿ ಬರಬಹುದಿತ್ತು ಕಾಕಾ. ನೀವು ಈಗಾಗಲೇ ಹೋಗಿ ಬಂದಂಗೇ."

ಕಾಕಾ ಹಾಳೆ ತಿರುಗಿಸಿ ಹಿಂದೆಯೂ ನೋಡಿದರು.

"ಅಂದ್ರ ಇಷ್ಟ್ ವರ್ಷ ಹಾದಿ ತಪ್ಪಿ ಹೋಗೀನಿ ಅನ್ನು."

೨. ಬಲಗಡೆಯ ಅಭ್ಯಾಸ

ಯೋಜನೆಯ ಮೊದಲ ಹಾಳೆ ಮಾಡಿದೆ. ದೇಶಗಳು, ಗಡಿಗಳು, ದಿನಗಳು. ಹಿಮ ಬೀಳುವ ಮೊದಲು ಟಿಬೆಟ್ ದಾಟಬೇಕು, ಹಾಗಾಗಿ ದಸರೆಯ ಮರುದಿನ ಹೊರಡಬೇಕು. ಒಟ್ಟು ಅರವತ್ತೈದು ದಿನ. ಹದಿನಾಲ್ಕು ವೀಸಾ.

ಹೋಗುವವರು ಇಬ್ಬರು. ಕಾಕಾ ಮತ್ತು ಅಫಜಲಪುರದ ಮಿಸ್ತ್ರಿ. ಮಿಸ್ತ್ರಿ ಇಪ್ಪತ್ತು ವರ್ಷದಿಂದ ಈ ಗಾಡಿಯನ್ನು ರಿಪೇರಿ ಮಾಡುತ್ತಿರುವವರು. ಗಾಡಿ ಎಲ್ಲಿ ನಿಂತರೂ ಅದರ ಕೆಳಗೆ ಇರುವವರು. ಕಾಕಿಯನ್ನೂ ಕರೆದರು. "ಬಸವಣ್ಣ ನಮ್ಮ ಮನ್ಯಾಗೂ ಇದ್ದಾನ. ನನಗ ವೀಸಾ ಬ್ಯಾಡ," ಅಂತ ಕಾಕಿ ಒಳಗೆ ಹೋದರು.

ಚೀನಾದಿಂದ ಫ್ರಾನ್ಸಿನವರೆಗೆ ದಾರಿಯ ದೇಶಗಳಲ್ಲೆಲ್ಲ ರಸ್ತೆಯ ಬಲಗಡೆ ಓಡಿಸಬೇಕು. ಕೊನೆಗೆ ಇಂಗ್ಲೆಂಡಿನಲ್ಲಿ ಮಾತ್ರ ಮತ್ತೆ ಎಡಗಡೆ. ಇದಕ್ಕೆ ಅಭ್ಯಾಸ ಬೇಕು, ಎಲ್ಲಾದರೂ ಖಾಲಿ ಮೈದಾನದಲ್ಲಿ ಒಂದು ವಾರ ಓಡಿಸೋಣ ಎಂದೆ.

"ಅಭ್ಯಾಸ ಯಾಕ ಬೇ? ನನಗ ಎರಡೂ ಬರ್ತದ."

ನಾನು ನಂಬಲಿಲ್ಲ. ಒಂದು ದಿನ ಮುಂದಿನ ಸೀಟಿನಲ್ಲಿ ನೋಟುಬುಕ್ಕು, ಗಡಿಯಾರ ಹಿಡಿದು ಕೂತೆ. ಆಳಂದದಿಂದ ಅಫಜಲಪುರದವರೆಗೆ ಗಾಡಿ ಯಾವ ಬದಿಯಲ್ಲಿ ಎಷ್ಟು ನಿಮಿಷ ಇತ್ತು ಎಂದು ಬರೆದುಕೊಂಡೆ. ಎಡಗಡೆ ತಗ್ಗು ಬಂದರೆ ಬಲಕ್ಕೆ. ಬಲಗಡೆ ಎಮ್ಮೆ ಬಂದರೆ ಎಡಕ್ಕೆ. ಜೋಳದ ರಾಶಿ ಇನ್ನೂ ಮುಗಿದಿರಲಿಲ್ಲ. ಎರಡು ಊರುಗಳಲ್ಲಿ ಅರ್ಧ ರಸ್ತೆಯ ಮೇಲೆ ತೆನೆ ಹರವಿದ್ದರು, ಒಂದು ಊರಲ್ಲಿ ಪೂರ್ತಿ ರಸ್ತೆಯ ಮೇಲೆ. ಎದುರಿಗೆ ಬಂದ ಗಾಡಿಗಳೂ ಹೀಗೇ ಬರುತ್ತಿದ್ದವು. ಯಾರೂ ಯಾರನ್ನೂ ಬೈಯಲಿಲ್ಲ.

ಅಫಜಲಪುರದಲ್ಲಿ ಇಳಿದು ಕೂಡಿಸಿದೆ. ತೊಂಬತ್ತೆರಡು ನಿಮಿಷದಲ್ಲಿ ಇಂಗ್ಲೆಂಡ್ ನಲವತ್ತೊಂದು. ಫ್ರಾನ್ಸ್ ಮೂವತ್ತೆಂಟು. ಉಳಿದ ಹದಿಮೂರು ನಿಮಿಷ ಯಾವ ದೇಶದ ಕಾಯ್ದೆಯಲ್ಲೂ ಇರಲಿಲ್ಲ.

೩. ಸಂಬಂಧಿಕರ ಭೇಟಿ

ವೀಸಾ ಅರ್ಜಿಗಳನ್ನು ನಾನೇ ತುಂಬುವವಳಿದ್ದೆ. ಕಾಕಾಗೆ ತಡೆಯಲಿಲ್ಲ. ಜೇವರ್ಗಿ ಸ್ಟ್ಯಾಂಡಿನ ಎದುರಿಗೆ ಆನ್‌ಲೈನ್ ಅರ್ಜಿ ತುಂಬಿಕೊಡುವ ಒಂದು ಅಂಗಡಿ ಇದೆ. ಗಾಡಿ ತುಂಬುವವರೆಗೆ ಹೇಗೂ ಒಂದು ತಾಸು ಬೇಕು ಎಂದು ನನ್ನನ್ನೂ ಎಳೆದುಕೊಂಡು ಅಲ್ಲಿ ಹೋಗಿ ಕೂತರು. ಅಂಗಡಿಯವರು ಪರದೆ ನೋಡಿಕೊಂಡೇ ಕೇಳುತ್ತಾ ಹೋದರು. ಬೆಳಗಿನಿಂದ ಅವರು ಪಿಂಚಣಿ, ರೇಷನ್ ಕಾರ್ಡು, ಬೆಳೆ ವಿಮೆ ಎಂದು ಅರ್ಜಿ ತುಂಬುತ್ತಲೇ ಇದ್ದರು. ಮುಖ ಎತ್ತಿ ನೋಡುವ ಸ್ಥಿತಿಯಲ್ಲಿ ಇರಲಿಲ್ಲ.

"ಹೋಗೋ ಕಾರಣ ಏನ್ರಿ? ಪ್ರವಾಸ, ವ್ಯಾಪಾರ, ಸಂಬಂಧಿಕರ ಭೇಟಿ?"

"ಪ್ರವಾಸ," ಎಂದೆ ನಾನು.

"ಭೇಟಿ ಬರ್ಕೊರ್ರಿ," ಎಂದರು ಕಾಕಾ. "ಭೇಟಿಗೇ ಹೊಂಟೀನಿ."

"ಅಲ್ಲಿ ಯಾರ್ ಅದಾರ್ರಿ?"

"ಬಸವಣ್ಣ."

ಅವರು ಟೈಪು ಮಾಡಿದರು. "ಅಡ್ರೆಸ್ಸು?"

"ನದಿ ದಂಡಿ ಮ್ಯಾಲ."

"ಸ್ವಂತ ಮನಿನೋ, ಬಾಡಿಗಿನೋ?"

"ಮನಿ ಎಲ್ಲದರಿ? ಬಯಲಾಗೇ ಅದಾರ. ಮಳಿ ಬರ್ಲಿ, ಹಿಮ ಬೀಳ್ಲಿ, ಅಲ್ಲೇ."

ಅಂಗಡಿಯವರ ಬೆರಳು ನಿಂತಿತು. ಆಗ ಮೊದಲ ಸಲ ಮುಖ ಎತ್ತಿ ಕಾಕಾನನ್ನು ನೋಡಿದರು. ಅವರ ಕಣ್ಣಲ್ಲಿ ನಿಜವಾದ ಮರುಕ ಇತ್ತು.

"ಭಾಳ ವರ್ಷ ಆತೇನ್ರಿ ಹೋಗಿ?"

"ಆಗ್ಯಾವ ಸುಮಾರು."

"ಒಮ್ಮಿನೂ ಊರ ಕಡೆ ಬಂದಿಲ್ಲ?"

ನಾನು ಬಾಯಿ ತೆರೆಯುವಷ್ಟರಲ್ಲಿ ಕಾಕಾ ಉತ್ತರ ಕೊಟ್ಟಾಗಿತ್ತು.

"ಅದಕ್ಕೇ ನಾನೇ ಕರ್ಕೊಂಡ್ ಬರ್ಲೇನು ಅಂತ ಮಾಡೀನ್ರಿ. ಹ್ಯಾಂಗೂ ಸೀಟ್ ಖಾಲಿ ಅದಾವ."

೪. ಖಾಲಿ ಸೀಟು

ಸೀಟಿನ ವಿಷಯ ಬಿಡಿಸಿ ಹೇಳಬೇಕು. ನಮ್ಮ ಕಡೆ ಕ್ರೂಸರಿಗೆ ಸಮಯ ಇಲ್ಲ. ಸೀಟು ತುಂಬಿದಾಗ ಹೊರಡುತ್ತದೆ. ತುಂಬುವವರೆಗೆ ಡ್ರೈವರ್ ಪಕ್ಕದಲ್ಲಿ ನಿಂತು ಊರಿನ ಹೆಸರು ಕೂಗುತ್ತಾರೆ, ಹತ್ತಿ ಕೂತವರು ಬೆವರುತ್ತಾರೆ. ಹನ್ನೆರಡು ಸೀಟು ಎಂದರೆ ಕಾಕಾನ ಎಣಿಕೆಯಲ್ಲಿ ಹದಿನಾಲ್ಕು. ಮೂವತ್ತೊಂದು ವರ್ಷದಲ್ಲಿ ಕಾಕಾ ಒಂದು ಸಲವೂ ಖಾಲಿ ಸೀಟು ಇಟ್ಟುಕೊಂಡು ಆಳಂದ ಬಿಟ್ಟಿಲ್ಲ.

ನನ್ನ ಯೋಜನೆಯ ಹಾಳೆ ಓದಿದಾಗ ಅವರ ಬೆರಳು ಒಂದು ಕಡೆ ನಿಂತಿತು.

"ಇಬ್ರು ಅಂತ ಬರ್ದೀದಿ."

"ಇಬ್ರೇ ಹೋಗೋರು, ಕಾಕಾ."

"ಹತ್ತ್ ಸೀಟ್ ಖಾಲಿ ಇಟ್ಕೊಂಡು ಲಂಡನ್‌ತನ ಗಾಡಿ ಓಡಸ್ಲೇನು? ಮಂದಿ ಏನಂತಾರ?"

"ಯಾವ ಮಂದಿ?"

"ಹಾದಿ ಮ್ಯಾಲಿನ ಮಂದಿ."

ಪ್ರತಿಯೊಬ್ಬರಿಗೂ ಪಾಸ್‌ಪೋರ್ಟ್ ಬೇಕು, ಹದಿನಾಲ್ಕು ವೀಸಾ ಬೇಕು ಎಂದು ವಿವರಿಸಿದೆ. ಕಾಕಾ ಕೇಳಿಸಿಕೊಂಡರು. ಕೇಳಿಸಿಕೊಂಡರು, ಅಷ್ಟೇ. ಚೀನಾದೊಳಗೆ ಹೊರದೇಶದ ಗಾಡಿ ಬಂದರೆ ಅಲ್ಲಿನ ಗೈಡ್ ಒಬ್ಬ ಗಡಿಯಿಂದ ಗಡಿಯವರೆಗೆ ಜೊತೆಗೇ ಇರಬೇಕೆಂಬ ನಿಯಮ ಓದಿ ಹೇಳಿದಾಗ ಮಾತ್ರ ಮುಖ ಅರಳಿತು.

"ಗಾಡಿನ್ಯಾಗೇ ಕೂಡ್ತಾನ?"

"ಹೌದ್ರಿ."

"ಚೊಲೊ ಆತು. ಒಂದ್ ಸೀಟ್ ತುಂಬ್ತು."

ಉಳಿದ ಒಂಬತ್ತಕ್ಕೆ ಅವರು ತಮಗೆ ಗೊತ್ತಿದ್ದ ಉಪಾಯವನ್ನೇ ಮಾಡಿದರು. ಮರುದಿನ ಆಳಂದ ಸ್ಟ್ಯಾಂಡಿನಲ್ಲಿ, ದಿನದ ಟ್ರಿಪ್ಪಿಗೆ ನಿಂತಿದ್ದಾಗಲೇ, ಕೂಗಿ ನೋಡಿದರು: "ಲಂಡನ್! ಲಂಡನ್! ಅಫಜಲಪುರದ ಮ್ಯಾಲ ಲಂಡನ್! ದಸರಾ ಮರುದಿನ, ಒಂಬತ್ ಸೀಟ್!"

ಒಬ್ಬ ಮುದುಕಿ ಸಜ್ಜೆಯ ಗಂಟು ತಂದು ಹತ್ತಿ ಕೂತಳು. ಮುಂದಿನ ಸೀಟಿನಲ್ಲಿದ್ದ ನಾನು ತಿರುಗಿ, ಯಾರಿಗೂ ಮೋಸವಾಗಬಾರದು ಎಂದು ಹೇಳಿದೆ:

"ಆಯಿ, ಇದು ಲಂಡನ್ನಿಗಿ ಅಂತ ಕೂಗಾಕತ್ತಾರ."

"ಹೋಗ್ಲಿ ಬಿಡವ್ವ, ಎಲ್ಲಿ ಬೇಕಲ್ಲಿ ಹೋಗ್ಲಿ," ಎಂದಳು ಆಕೆ ಗಂಟನ್ನು ಕಾಲ ಕೆಳಗೆ ಇಟ್ಟುಕೊಳ್ಳುತ್ತಾ. "ನನಗ ಕರಜಗಿ ಕ್ರಾಸಿಗಿ ಇಳಿಸು."

೫. ಗಾಡಿಯ ಪಾಸ್‌ಪೋರ್ಟ್

ಹೊರದೇಶಕ್ಕೆ ಹೋಗುವ ಗಾಡಿಗೂ ಪಾಸ್‌ಪೋರ್ಟಿನಂಥ ಒಂದು ಪುಸ್ತಕ ಬೇಕು. ಪ್ರತಿ ಗಡಿಯಲ್ಲಿ ಒಳಗೆ ಹೋಗುವಾಗ ಒಂದು ಮುದ್ರೆ, ಹೊರಗೆ ಬರುವಾಗ ಒಂದು ಮುದ್ರೆ. ಕಾಕಾಗೆ ತಮ್ಮ ಪಾಸ್‌ಪೋರ್ಟಿಗಿಂತ ಇದರ ಮೇಲೆ ಆಸೆ ಹೆಚ್ಚು. ಗಾಡಿಯನ್ನು ತೊಳೆದು, ಹಾರ ಹಾಕಿ, ಎದುರಿನಿಂದ ಫೋಟೊ ತೆಗೆಸಿಕೊಂಡು ಬಂದರು. ಫೋಟೊ ಬೇಕಿಲ್ಲ, ಬಿಡಿಭಾಗಗಳ ವಿವರ ಬೇಕು ಎಂದೆ.

ವಿವರ ಗೊತ್ತಿದ್ದವರು ಮಿಸ್ತ್ರಿ ಒಬ್ಬರೇ. ಅಫಜಲಪುರದ ಅವರ ಗ್ಯಾರೇಜಿಗೆ ಹೋದೆ. ಅವರು ಗಾಡಿಯ ಕೆಳಗಿದ್ದರು. ನಾನು ಸ್ಟೂಲಿನ ಮೇಲೆ ಕೂತು ಅವರ ಚಪ್ಪಲಿಗಳ ಜೊತೆ ಮಾತಾಡಿದೆ.

"ಚಾಚಾ, ಇಂಜಿನ್ ಯಾವುದು?"

"ಇಂಜಿನ್ ಇಜೇರಿದು, ಬೇಟಾ. ಅಲ್ಲಿ ಒಂದ್ ಗಾಡಿ ಬಿದ್ದಿತ್ತು. ಅಚ್ಛಾ ಇಂಜಿನ್."

"ಗೇರ್ ಬಾಕ್ಸು?"

"ಸೋಲಾಪುರದ್ದು. ಗುಜರಿಯಿಂದ ತಂದೀನಿ."

"ಬಾಗಿಲು?"

"ಎರಡು ಒಂದ್ ಗಾಡಿದು, ಎರಡು ಇನ್ನೊಂದರದು. ಹಿಂದಿಂದು ನಾನೇ ತಗಡು ಬಡ್ದು ಮಾಡೀನಿ. ಲಾಕ್ ಕೂಡಂಗಿಲ್ಲ, ಸುತಳಿ ಕಟ್ಟೀನಿ. ಫಿಕರ್ ಮಾಡಬ್ಯಾಡ, ಎಲ್ಲಾ ಆರ್‌ಸಿ ಬುಕ್ಕಿನ್ಯಾಗ ಹತ್ತಿಸೇವಿ."

"ಸುತಳಿನೂ?"

ಚಪ್ಪಲಿಗಳು ಗಾಡಿಯ ಕೆಳಗೆ ಇನ್ನಷ್ಟು ಒಳಗೆ ಸರಿದವು.

ಸೀಟುಗಳು ಮುಚ್ಚಿಹೋದ ಒಂದು ಟಾಕೀಜಿನವು. ಹಾರ್ನು ಒಂದು ಲಾರಿಯದು. ಚಾಸಿಯನ್ನು ಮೂರು ಕಡೆ ಬೆಸೆಯಲಾಗಿತ್ತು. ನಾಲ್ಕು ಹಾಳೆ ತುಂಬಿದವು. ನನ್ನ ಪೆನ್ನು ನಿಂತಿತು.

"ಚಾಚಾ, ಖರೇ ಹೇಳ್ರಿ. ಮೊದಲ ದಿನ ತಂದ ಗಾಡಿದು ಈಗ ಏನ್ ಉಳದದ?"

ಅವರು ಗಾಡಿಯ ಕೆಳಗಿನಿಂದ ಹೊರಗೆ ಬಂದರು. ಕೈ ಒರೆಸಿಕೊಂಡರು. ಗಾಡಿಯನ್ನು ಮುಂದಿನಿಂದ ಹಿಂದಿನವರೆಗೆ ಪ್ರಾಮಾಣಿಕವಾಗಿ ನೋಡಿದರು.

"ಡ್ರೈವರ್," ಅಂದರು.

೬. ಮೂರು ಸಾವಿರ ರೊಟ್ಟಿ

ಊಟದ ಲೆಕ್ಕ ಸುಲಭವಿತ್ತು. ಇಬ್ಬರು, ಅರವತ್ತೈದು ದಿನ, ದಿನಕ್ಕೆ ಎರಡು ಊಟ, ಊಟಕ್ಕೆ ಮೂರು ಕಡಕ್ ರೊಟ್ಟಿ. ಏಳುನೂರ ಎಂಬತ್ತು. ಜೊತೆಗೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ. ಕೆಡುವ ಪದಾರ್ಥವೇ ಇಲ್ಲ. ಫೈಲಿನಲ್ಲಿ ಅನುಮಾನವಿಲ್ಲದ ಹಾಳೆ ಇದೊಂದೇ ಎಂದುಕೊಂಡಿದ್ದೆ.

ನಾಲ್ಕು ತಿಂಗಳಿಂದ ಸಿಟ್ಟಾಗಿದ್ದ ಕಾಕಿ ಈ ಸಂಖ್ಯೆ ಕೇಳಿ ಕರಗಿದರು. ಒಬ್ಬಳಿಂದ ಆಗುವುದಿಲ್ಲ ಎಂದು ಓಣಿಯ ಅಕ್ಕನ ಬಳಗದ ಹೆಂಗಸರಿಗೆ ಹೇಳಿದರು. ತಪ್ಪಾದದ್ದು ಅಲ್ಲಿ. ನಮ್ಮ ಕಡೆ ದಾಸೋಹ ಎಂದರೆ ಮನೆಗಿಷ್ಟು ರೊಟ್ಟಿ ತಾನಾಗಿಯೇ ಬರುತ್ತದೆ. ಯಾರೂ ಕೇಳುವುದಿಲ್ಲ, ಯಾರೂ ಎಣಿಸುವುದಿಲ್ಲ. ಬಸವಣ್ಣನ ಹೆಸರಿನಲ್ಲಿ ಬಂದದ್ದನ್ನು ಸಾಕು ಎನ್ನುವಂತಿಲ್ಲ.

ಶ್ರಾವಣದ ಮೊದಲ ಸೋಮವಾರ ಮುಗಿಯುವಷ್ಟರಲ್ಲಿ ಪಡಸಾಲೆ ತುಂಬಿತು. ಅಫಜಲಪುರದಿಂದಲೂ ರೊಟ್ಟಿ ಬಂತು. ಮಿಸ್ತ್ರಿಯ ಮನೆಯಿಂದ ನೂರು ರೊಟ್ಟಿ, ಮೇಲೆ ಒಂದು ಡಬ್ಬಿ ಲಿಂಬೆಯ ಉಪ್ಪಿನಕಾಯಿ ಬಂತು. ಇಜೇರಿಯಿಂದ ಬಂದ ಚೀಲಕ್ಕೆ ಒಂದು ಚೀಟಿ ಅಂಟಿಸಿದ್ದರು: 'ಇಂಜಿನ್ ಕೊಟ್ಟವರ ಕಡೆಯಿಂದ.' ನಾನು ಮೂರು ಸಾವಿರದ ನೂರಾ ನಲವತ್ತರವರೆಗೆ ಎಣಿಸಿ ಬಿಟ್ಟುಬಿಟ್ಟೆ.

ಬಟ್ಟೆ ಸುತ್ತಿದ ರೊಟ್ಟಿಯ ಕಟ್ಟುಗಳನ್ನು ಗಾಡಿಯಲ್ಲಿ ಇಟ್ಟು ನೋಡಿದೆವು. ಹತ್ತೂ ಸೀಟು ಚಾವಣಿಯವರೆಗೆ ತುಂಬಿದವು. ಕಾಕಾ ಬಾಗಿಲ ಬಳಿ ನಿಂತು ನೋಡಿದರು. ಎಷ್ಟೋ ದಿನದ ಮೇಲೆ ಅವರ ಮುಖದಲ್ಲಿ ಸಮಾಧಾನ ಇತ್ತು.

"ಈಗ ಗಾಡಿ ತುಂಬಿದಂಗ ಅನಸ್ತದ."

ಹಾದಿಯಲ್ಲಿ ರೊಟ್ಟಿ ಹೇಗಿರುತ್ತದೆ ಎಂಬ ಪರೀಕ್ಷೆ ಬೇಕು ಎಂದೆ. ಅದೂ ನನ್ನದೇ ಮಾತು. ಆಳಂದದಿಂದ ಕರಜಗಿಗೆ ಹೋಗಿ ಬಂದೆವು. ಹೋಗುವಾಗ ಹಿಂದಿನಿಂದ ಪಟಪಟ ಸಪ್ಪಳ ಬರುತ್ತಿತ್ತು. ಬರುವಾಗ ಸಪ್ಪಳ ನಿಂತಿತ್ತು. ರಸ್ತೆ ಚಲೋ ಆಯಿತು ಎಂದುಕೊಂಡೆವು.

ಮನೆಯಲ್ಲಿ ಕಟ್ಟು ಬಿಚ್ಚಿದರು. ಕಾಕಿ ಒಂದು ಹಿಡಿ ತೆಗೆದು ಬೆರಳ ಸಂದಿಯಿಂದ ಬಿಟ್ಟರು. ಜರಡಿ ಹಿಡಿದಷ್ಟು ನುಣ್ಣಗೆ ಬಿತ್ತು. ಆ ಪುಡಿಯನ್ನು ಮಜ್ಜಿಗೆಯಲ್ಲಿ ಕಲಸಿಕೊಂಡು ಮೂರು ಓಣಿಯವರು ಒಂದು ತಿಂಗಳು ತಿಂದೆವು. ಆದರೆ ಆ ಹೊತ್ತಿಗೆ ಕಾಕಿ ಹೇಳಿದ್ದು ಇಷ್ಟೇ:

"ಹಿಟ್ಟು ಇತ್ತು, ರೊಟ್ಟಿ ಮಾಡಿ ಕೊಟ್ಟಿದ್ದೆ. ರೊಟ್ಟಿ ಒಯ್ದು ಹಿಟ್ಟು ಮಾಡಿ ತಂದ್ರಿ. ಇನ್ನ ಲಂಡನ್ನಿಗಿ ಹೋಗಿ ಬಂದ್ರ ಜ್ವಾಳ ಆಗಿ ಬರ್ತದೇನ್ ನೋಡ್ರಿ."

೭. ತೊಂಬತ್ತು ನಿಮಿಷ

ಹಡಗಿನ ನಿಯಮಗಳನ್ನು ನಾನು ಕೊನೆಗೆ ಓದಿದೆ. ಮೊದಲು ಓದಬೇಕಿತ್ತು.

ಫ್ರಾನ್ಸಿನ ದಡದಿಂದ ಇಂಗ್ಲೆಂಡಿನ ದಡಕ್ಕೆ ಸುಮಾರು ತೊಂಬತ್ತು ನಿಮಿಷ. ಗಾಡಿಯನ್ನು ಹಡಗಿನ ಕೆಳ ಅಂತಸ್ತಿನಲ್ಲಿ ನಿಲ್ಲಿಸಬೇಕು. ಡ್ರೈವರ್ ಅದನ್ನು ಬಿಟ್ಟು ಮೇಲೆ ಹೋಗಬೇಕು. ದಡ ಮುಟ್ಟುವವರೆಗೆ ಕೆಳಗೆ ಇಳಿಯುವಂತಿಲ್ಲ.

ಇದನ್ನು ಓದಿ ಹೇಳಿದೆ. ಹದಿನಾಲ್ಕು ವೀಸಾಕ್ಕೆ ಹೆದರದ, ಟಿಬೆಟ್ಟಿನ ಹಿಮಕ್ಕೆ ಹೆದರದ ಕಾಕಾ ಹೊರಗೆ ನಿಂತ ಗಾಡಿಯ ಕಡೆ ತಿರುಗಿದರು.

"ಗಾಡಿ ಬಿಟ್ಟು?"

"ಬಿಟ್ಟು."

"ತೊಂಬತ್ ನಿಮಿಷ?"

"ತೊಂಬತ್ತು."

ಕಾಕಾ ಗಾಡಿ ಬಿಟ್ಟು ಇದ್ದವರಲ್ಲ. ಅಪೆಂಡಿಕ್ಸ್ ಆಪರೇಷನ್ ಆದಾಗ ಗಾಡಿ ಕಾಣುವ ಕಿಟಕಿಯ ಮಂಚವೇ ಬೇಕು ಎಂದು ಹಟ ಹಿಡಿದು ಪಡೆದಿದ್ದರು. ತಮ್ಮ ಮದುವೆಯ ದಿಬ್ಬಣವನ್ನು ತಾವೇ ಓಡಿಸಿಕೊಂಡು ಬಂದವರು. "ಮದುವಿ ದಿನ ನನ್ನ ಮುಖ ನೋಡ್ಲಿಲ್ಲ ಇವ್ರು, ಕನ್ನಡ್ಯಾಗ ಹಿಂದಿನ ಲಾರಿ ನೋಡಿದ್ರು," ಎಂದು ಕಾಕಿ ಇವತ್ತಿಗೂ ಹೇಳುತ್ತಾರೆ.

ಆಗ ಉಳಿದಿದ್ದು ಒಂದೇ ಅರ್ಜಿ, ಗಾಡಿಯ ಪುಸ್ತಕದ್ದು. ಚೌತಿಯ ಒಳಗೆ ಅದನ್ನು ಕಳಿಸದಿದ್ದರೆ ದಸರೆಗೆ ಹೊರಡುವುದಿಲ್ಲ. ದಸರೆಗೆ ಹೊರಡದಿದ್ದರೆ ಹಿಮ. ಹಿಮ ಕರಗುವ ಹೊತ್ತಿಗೆ ಲೈಸೆನ್ಸ್ ಇರುವುದಿಲ್ಲ. ಸಮುದ್ರದ ಆಚೆ ಈಚೆ ಎಲ್ಲ ಸರಿಯಾಗಿ, ಹದಿನೆಂಟು ಸಾವಿರ ಕಿಲೋಮೀಟರ್ ಹೋಗಿ, ಕಡೆಗೆ ಹಡಗಿನ ಬಾಗಿಲಲ್ಲಿ ಕಾಕಾ ಇಳಿಯುವುದಿಲ್ಲ ಎಂದು ಕೂತರೆ? ನಾನು ಒಂದು ಷರತ್ತು ಹಾಕಿದೆ. ಭೀಮಾ ನದಿಯ ಈ ದಡದಲ್ಲಿ ಗಾಡಿ ಇರಬೇಕು, ಆ ದಡದಲ್ಲಿ ಕಾಕಾ. ತೊಂಬತ್ತು ನಿಮಿಷ ಕೂತರೆ ಅರ್ಜಿ ಕಳಿಸುತ್ತೇನೆ. ಏಳುವುದಾದರೆ ಫೈಲು ಮುಚ್ಚುತ್ತೇನೆ.

"ಆತು," ಅಂದರು ಕಾಕಾ. ತಾವಾಗಿಯೇ ಸೇರಿಸಿದರು: "ಸೀಟ್ ಖಾಲಿ ಇದ್ರೂ ಹೋಗ್ತೇನಿ. ಬಿಡು, ಹತ್ತ್ ಖಾಲಿ ಇರ್ಲಿ."

ಮೂವತ್ತೊಂದು ವರ್ಷದಲ್ಲಿ ಈ ಮಾತನ್ನು ಯಾರೂ ಅವರ ಬಾಯಿಂದ ಕೇಳಿರಲಿಲ್ಲ.

ಅಫಜಲಪುರದ ಆಚೆ ಭೀಮಾ ದಂಡೆಯ ಒಂದು ಊರಲ್ಲಿ ಎದುರಿನ ದಡದವರನ್ನು ಕರೆತರುವ ಮೋಟಾರಿನ ದೋಣಿ ಇದೆ. ಚೌತಿಗೆ ಎರಡು ದಿನ ಮೊದಲು ಅಲ್ಲಿಗೆ ಹೋದೆವು. ಮಿಸ್ತ್ರಿ ಉತ್ಸಾಹದಿಂದ ಒಂದು ಫಲಕ ಬರೆದು ಗಾಡಿಯ ಹಣೆಗೆ ಕಟ್ಟಿದ್ದರು: 'ಆಳಂದ–ಲಂಡನ್ ವ್ಹಾಯಾ ಅಫಜಲಪುರ.' ಗಾಡಿಯನ್ನು ದಂಡೆಯ ದಿಬ್ಬದ ಮೇಲೆ ನಿಲ್ಲಿಸಿ ಕಾಕಾ ಬಾಗಿಲುಗಳಿಗೆ ಬೀಗ ಹಾಕಿದರು. ಹಿಂದಿನದಕ್ಕೆ ಸುತಳಿ ಕಟ್ಟಿದರು. ಮಿಸ್ತ್ರಿಗೆ ಹೇಳಿದೆ: "ಚಾಚಾ, ಯಾರನ್ನೂ ಹತ್ತಿಸಬ್ಯಾಡ್ರಿ."

"ನಾ ಯಾಕ ಹತ್ತಿಸ್ಲಿ ಬೇಟಾ? ಆಯಿಲ್ ಸೋರಾಕತ್ತದ, ಅದನ್ನ ನೋಡ್ತೇನಿ," ಎಂದು ಅವರು ಗಾಡಿಯ ಕೆಳಗೆ ಹೋದರು.

ದೋಣಿ ಬಿಟ್ಟಾಗ ಗಡಿಯಾರ ಒತ್ತಿದೆ. ನಾಲ್ಕು ನಿಮಿಷಕ್ಕೆ ಆ ದಡ. ಅಲ್ಲಿ ಬುಟ್ಟಿ, ಚೀಲ, ಎರಡು ಕೋಳಿ ಹಿಡಿದುಕೊಂಡು ಜನ ದೋಣಿಗೆ ಕಾಯುತ್ತಿದ್ದರು. ಅವತ್ತು ಅಫಜಲಪುರದ ಸಂತೆ. ದಿನ ಆರಿಸಿದವಳು ನಾನು. ನಾವು ಇಳಿದೆವು, ಅವರು ಹತ್ತಿದರು.

ಕಾಕಾ ಜಾಲಿ ಗಿಡದ ಕೆಳಗೆ, ನದಿಯ ಕಡೆ ಮುಖ ಮಾಡಿ ಕೂತರು.

"ಇಂಗ್ಲೆಂಡ್ ಇನ್ನ ಎಷ್ಟು?"

"ಎಂಬತ್ತಮೂರು ನಿಮಿಷ."

"ಹಿಂಗ ದೂರ ಕೂತು ನಾ ಗಾಡಿ ನೋಡೇ ಇಲ್ಲ ತಂಗಿ. ಸಣ್ಣದ ಅದ." ಎಡಗಣ್ಣನ್ನು ಕೈಯಿಂದ ಮುಚ್ಚಿದರು. "ಈಗ ಅದ." ಕೈ ತೆಗೆದು ಬಲಗಣ್ಣನ್ನು ಮುಚ್ಚಿದರು. "ಈಗ ಇಲ್ಲ." ಎರಡು ಮೂರು ಸಲ ಹಾಗೆ ಮಾಡಿದರು. ನೋಟುಬುಕ್ಕು ನನ್ನ ತೊಡೆಯ ಮೇಲೆ ಇತ್ತು. ಅದನ್ನು ಬರೆದುಕೊಳ್ಳಲಿಲ್ಲ.

ಹನ್ನೆರಡನೆಯ ನಿಮಿಷಕ್ಕೆ ದೋಣಿ ಗಾಡಿ ಇದ್ದ ದಡ ಮುಟ್ಟಿತು. ಸಂತೆಯ ಜನ ಇಳಿದರು. ದಿಬ್ಬ ಏರಿದರು. ಗಾಡಿಯ ಎದುರು ನಿಂತು ಫಲಕ ನೋಡಿದರು. ಅವರಿಗೆ ಬೇಕಾದದ್ದು ಕೊನೆಯ ಶಬ್ದ ಮಾತ್ರ. ಸುತಳಿ ಬಿಚ್ಚಿದರು.

ಅಷ್ಟು ದೂರದಿಂದ ಮನುಷ್ಯರನ್ನು ಎಣಿಸಲು ನನಗೂ ಆಗುತ್ತಿರಲಿಲ್ಲ. ಕಾಕಾ ಮನುಷ್ಯರನ್ನು ನೋಡುತ್ತಲೂ ಇರಲಿಲ್ಲ. ಗಾಡಿ ಹಿಂದಕ್ಕೆ ಕುಸಿಯುವುದನ್ನು ನೋಡುತ್ತಿದ್ದರು.

"ನಾಕು," ಅಂದರು. "ಏಳು. ಹತ್ತು. ಹನ್ನೆರಡು." ಧ್ವನಿ ಬದಲಾಗಿತ್ತು. "ಹದಿನಾಕು. ತಂಗಿ, ಗಾಡಿ ತುಂಬ್ತು."

ಆಗ ಹಾರ್ನು ಬಂತು. ನದಿಯ ಮೇಲಿಂದ, ನಮ್ಮ ಗಾಡಿಯದೇ ಲಾರಿ ಹಾರ್ನು; ಹತ್ತಿ ಕೂತವರಲ್ಲಿ ಯಾರೋ ಒತ್ತಿದ್ದರು. ಕಾಕಾ ಎದ್ದು ನಿಂತರು.

"ಕಾಕಾ, ಕೂಡ್ರಿ. ಇನ್ನ ಎಪ್ಪತ್ತಾರು ನಿಮಿಷ ಅದ."

"ಗೊತ್ತದ."

"ಈಗ ಹೋದ್ರ ಫೈಲು ಮುಗೀತು. ಲಂಡನ್ ಇಲ್ಲ. ಮತ್ತ ಸಂಕ್ರಾಂತಿ ಬರ್ತದ."

"ಗೊತ್ತದ ಬೇ." ಅವರು ದೋಣಿಯವನಿಗೆ ಟವೆಲ್ಲು ಬೀಸುತ್ತಿದ್ದರು. "ತುಂಬಿದ ಗಾಡಿ ನಿಲ್ಲಿಸಬಾರದು. ಒಳಗ ಮಂದಿ ಕುಂತಾರ."

ದೋಣಿ ಬಂತು. ನಾವು ಹತ್ತಿದೆವು. ಈ ದಡದಲ್ಲಿ ಮಿಸ್ತ್ರಿ ಗಾಡಿಯ ಕೆಳಗಿನಿಂದ ತಲೆ ಮಾತ್ರ ಹೊರಗೆ ಹಾಕಿದರು.

"ನನಗ ಬೈಬ್ಯಾಡ ಬೇಟಾ. ನಾ ಯಾರನ್ನೂ ಹತ್ತಿಸಿಲ್ಲ. ನನಗ ಬರೇ ಕಾಲು ಕಂಡ್ವು. ಎಣಿಸೀನಿ, ಇಪ್ಪತ್ತೆಂಟು."

"ಮತ್ತ ಕೂಗಬಾರದೇನ್ರಿ?"

"ಕೂಗ್ದೆ. ಗಾಡಿ ಲಂಡನ್ನಿಗಿ ಹೋಗ್ತದ ಅಂದೆ. ಮೊದ್ಲ ಸಂತಿ ತೋರ್ಸಿ ಆಮ್ಯಾಲ ಹೋಗ್ರಿ ಅಂದ್ರು."

ಕಾಕಾ ಫಲಕ ಬಿಚ್ಚಲಿಲ್ಲ. ಬಾಗಿಲು ತೆಗೆದು ತಮ್ಮ ಜಾಗದಲ್ಲಿ ಕೂತರು. ಕನ್ನಡಿಯನ್ನು ಬಲಗಣ್ಣಿಗೆ ಸರಿ ಮಾಡಿಕೊಂಡರು. ನನಗೆ ಸೀಟು ಉಳಿದಿರಲಿಲ್ಲ; ಯಾರದೋ ಬುಟ್ಟಿ ತೊಡೆಯ ಮೇಲೆ ಇಟ್ಟುಕೊಂಡು ಗೇರಿನ ಪಕ್ಕ ಕೂತೆ. ಮುಂದಿನ ಸೀಟಿನಲ್ಲಿ ಕೋಳಿ ಹಿಡಿದಿದ್ದ ಮುದುಕರು ಕಾಕಾನ ಕಡೆ ತಿರುಗಿದರು.

"ಎಲ್ಲಿಗಿ ಹೋಗಿದ್ರಿ ಡ್ರೈವರ್ ಸಾಹೇಬ್ರ?"

"ಲಂಡನ್ನಿಗಿ ಹೋಗಿದ್ನ್ರಿ," ಎಂದರು ಕಾಕಾ, ಚಾವಿ ತಿರುಗಿಸುತ್ತಾ.

"ಭಾಳ ಲಗೂ ಬಂದ್ರಿ ಬಿಡ್ರಿ."

ನಾನು ಗಡಿಯಾರ ನಿಲ್ಲಿಸಿದೆ. ಇಪ್ಪತ್ತಮೂರು ನಿಮಿಷ.